ಪಟ್ಟಿ ಮುಖ ನೋಡುತ್ತದೆ, ಕಾರ್ಡು ನೋಡುವುದಿಲ್ಲ

ಗದಗ ಮತ್ತು ಧಾರವಾಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ನಮ್ಮ ಸಹಕಾರಿ ಸೊಸೈಟಿಗಳ ಅಧ್ಯಕ್ಷರಿಗೆ ಮತ್ತು ಕಾರ್ಯದರ್ಶಿಗಳಿಗೆ, ಜಾತ್ರಾ ಕಮಿಟಿಯವರಿಗೆ, ಓಣಿ ಓಣಿಯ ಹಿರಿಯರಿಗೆ ನಮಸ್ಕಾರ. ದವಾಖಾನೆಯ ಬಿಲ್ಲಿಗೆ ಊರವರು ಪಟ್ಟಿ ಎತ್ತುವುದು, ಅಂದರೆ ಚಂದಾ ಕೂಡಿಸುವುದು, ಮತ್ತು ಅದಕ್ಕಿಂತ ಮೊದಲು ಸರ್ಕಾರಿ ಯೋಜನೆಯ ಕಾರ್ಡು ನೋಡಬೇಕಾದದ್ದು, ಇದರ ಬಗ್ಗೆ ಈ ಪತ್ರ.

ಗದಗದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಈ ಊರಲ್ಲಿ ಪ್ರೆಸ್ಸುಗಳಿಗೇನು ಬರವಿಲ್ಲ, ನಿಮಗೆ ಗೊತ್ತಿರುವುದೇ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್, ಅಡತಿ ಅಂಗಡಿಯ ಬಿಲ್ ಬುಕ್, ಇದೇ ನನ್ನ ಹೊಟ್ಟೆಪಾಡು. ಕೆಲವು ವರ್ಷಗಳಿಂದ ಇನ್ನೊಂದು ಕೆಲಸ ಸೇರಿಕೊಂಡಿದೆ. ದವಾಖಾನೆಯಲ್ಲಿ ಮಲಗಿದವರ ಫೋಟೋ ಹಾಕಿ, ಕೆಳಗೆ ‘ಸಹಾಯ ಮಾಡಿ’ ಅಂತ ಬರೆದು, ಮೂಲೆಯಲ್ಲಿ ಸ್ಕ್ಯಾನ್ ಮಾಡುವ ಚೌಕ ಇಡುವ ಪೋಸ್ಟರ್. ಅದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ. ಇದನ್ನು ಹೊಗಳಿಸಿಕೊಳ್ಳಲು ಹೇಳುತ್ತಿಲ್ಲ. ತಗೊಳ್ಳದೇ ಇದ್ದುದರಿಂದಲೇ ಎಲ್ಲರೂ ನನ್ನ ಹತ್ತಿರ ಬರುತ್ತಾರೆ, ಹಾಗಾಗಿ ನಾನು ನೋಡಿದ್ದು ಸ್ವಲ್ಪ ಜಾಸ್ತಿ.

ನಮ್ಮ ಓಣಿಯ ಹಮಾಲನೊಬ್ಬನ ಕಥೆ ಹೇಳುತ್ತೇನೆ. ಹೆಸರು ಬೇಡ. ಎಪಿಎಂಸಿ ಯಾರ್ಡಿನಲ್ಲಿ ಇಪ್ಪತ್ತು ವರ್ಷ ಚೀಲ ಹೊತ್ತವನು. ಕಳೆದ ವರ್ಷ ಹೆಸರು ಕಾಳಿನ ಸುಗ್ಗಿ ಜೋರಿದ್ದಾಗ ಹೊಟ್ಟೆ ನೋವು ಅಂತ ಎರಡು ದಿನ ಮೆಡಿಕಲ್ ಶಾಪಿನ ಗುಳಿಗೆ ನುಂಗಿ ಕೆಲಸಕ್ಕೆ ಹೋದ. ಮೂರನೇ ದಿನ ರಾತ್ರಿ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಮಾತು ಹೊರಡುತ್ತಿರಲಿಲ್ಲ. ಹೆಂಡತಿ ಬಂದು ಬಾಗಿಲು ಬಡಿದಳು.

ಇಲ್ಲಿ ನನ್ನ ತಪ್ಪೂ ಒಂದಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರೋ 108ಕ್ಕೆ ಫೋನ್ ಮಾಡೋಣ ಅಂದರು. ಇನ್ಯಾರೋ ಸರ್ಕಾರಿ ದವಾಖಾನೆಗೆ ಹೋಗೋಣ ಅಂದರು. ‘ಈ ಹೊತ್ತಿನಲ್ಲಿ ಅಲ್ಲಿ ಯಾರಿರುತ್ತಾರೆ, ನಡೀರಿ ಹುಬ್ಬಳ್ಳಿಗೆ’ ಅಂದವನು ನಾನು. ಪಕ್ಕದ ಮನೆಯವರ ಕಾರು ತೆಗೆಸಿದೆ. ಅಣ್ಣಿಗೇರಿ ದಾಟುವಾಗ ಅವನ ಕೈ ನನ್ನ ಕೈಯಲ್ಲಿ ತಣ್ಣಗಿತ್ತು. ನನ್ನ ಗಿರಾಕಿಯೊಬ್ಬರು ಒಮ್ಮೆ ಹೊಗಳಿದ್ದ ಖಾಸಗಿ ಆಸ್ಪತ್ರೆಯ ಮುಂದೆ ಇಳಿಸಿದೆವು. ಕರುಳು ತೂತಾಗಿತ್ತು. ಆ ರಾತ್ರಿಯೇ ಆಪರೇಷನ್ ಆಯಿತು. ಡಾಕ್ಟರು ಜೀವ ಉಳಿಸಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಂಜು ಏರಿತ್ತು. ಹನ್ನೆರಡು ದಿನ ಐಸಿಯುನಲ್ಲಿ ಇಟ್ಟರು.

ಬಿಲ್ಲು 4,12,000 ರೂಪಾಯಿ.

ಅವನಿಗೆ ಇನ್ಶೂರೆನ್ಸ್ ಇರಲಿಲ್ಲ. ಬಿಪಿಎಲ್ ಕಾರ್ಡೂ ಇಲ್ಲ ಅಂತ ಹೆಂಡತಿ ಹೇಳಿದಳು. ಕೌಂಟರಿನವರು ‘ಕಾರ್ಡ್ ಐತೇನ್ರಿ’ ಅಂತ ಕೇಳಿದರು, ಇವಳು ಇಲ್ಲ ಅಂದಳು, ಮಾತು ಅಲ್ಲಿಗೆ ಮುಗಿಯಿತು. ಮೂರು ವರ್ಷದ ಕೆಳಗೆ ಅಣ್ಣತಮ್ಮಂದಿರು ಬೇರೆ ಆಗಿದ್ದರು. ಬೇರೆ ಆದಮೇಲೆ ಇವರು ಹೊಸ ರೇಷನ್ ಕಾರ್ಡ್ ಮಾಡಿಸಿಯೇ ಇರಲಿಲ್ಲ. ಒಂಬತ್ತನೇ ದಿನ ಹಳ್ಳಿಯಿಂದ ಅಣ್ಣ ಬಂದ. ಚೀಟಿ ಎಲ್ಲ ಇರಲಿ ಅಂತ ತನ್ನ ರೇಷನ್ ಕಾರ್ಡನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ತೆಗೆದು ನೋಡಿದರೆ ತಮ್ಮನ ಹೆಸರು ಅದರಲ್ಲಿ ಹಾಗೇ ಇದೆ! ಬೇರೆ ಆಗಿದ್ದು ಮನೆ ಮಾತ್ರ, ಕಾರ್ಡಲ್ಲ. ಬಿಪಿಎಲ್ ಕಾರ್ಡದು.

ಅಂದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತಿತ್ತು. ತುರ್ತು ಇದ್ದಾಗ ಸರ್ಕಾರಿ ಆಸ್ಪತ್ರೆಯಿಂದ ರೆಫರ್ ಚೀಟಿಯೂ ಬೇಡ. ಆದರೆ ನಾವು ಕರೆದುಕೊಂಡು ಹೋದ ಆಸ್ಪತ್ರೆ ಆ ಯೋಜನೆಯಲ್ಲಿ ಇರಲಿಲ್ಲ. ಯೋಜನೆಯಲ್ಲಿರುವ ಆಸ್ಪತ್ರೆಯಾದರೆ ಬಾಗಿಲಲ್ಲೇ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಕಾಗದ ಪತ್ರ ಅವರೇ ನೋಡುತ್ತಾರೆ. ಒಂಬತ್ತನೇ ದಿನ, ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದವನನ್ನು ಎಬ್ಬಿಸಿ ಬೇರೆ ಕಡೆ ಒಯ್ಯುವ ಧೈರ್ಯ ನಮಗೆ ಯಾರಿಗೂ ಆಗಲಿಲ್ಲ.

ಆಮೇಲೆ ನಾವು ಮಾಡಿದ್ದು ನಮಗೆ ಚೆನ್ನಾಗಿ ಬರುವ ಕೆಲಸ. ಪಟ್ಟಿ ಎತ್ತಿದೆವು.

ಪಟ್ಟಿ ಎತ್ತುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ. ಜಾತ್ರೆಗೆ, ಗಣಪತಿಗೆ, ಡೊಳ್ಳಿನ ಮೇಳಕ್ಕೆ, ಕುಸ್ತಿ ಕಣಕ್ಕೆ ಎತ್ತಿ ಎತ್ತಿ ಕೈ ಪಳಗಿದೆ. ನೂರು ಹಾಳೆಯ ಉದ್ದನೆಯ ಬುಕ್ಕು ತೆಗೆದೆವು. ಮೊದಲ ಹಾಳೆಯ ಮೇಲೆ ‘ಶ್ರೀ’ ಅಂತ ಬರೆಯುವಾಗ ಒಂದು ಕ್ಷಣ ಕೈ ತಡೆಯಿತು, ಲಗ್ನದ ಮುಯ್ಯಿ ಬುಕ್ಕಿನ ಹಾಗೆ ಕಾಣುತ್ತಿತ್ತು. ಯಾರ್ಡಿನ ಹಮಾಲರು ಒಂದು ದಿನದ ಹಮಾಲಿ ಪೂರ್ತಿ ಕೊಟ್ಟರು. ದಲಾಲಿ ಅಂಗಡಿಯವರು ಕೊಟ್ಟರು, ಇಬ್ಬರು ಮಾತ್ರ ಕೊಡುವಾಗ ಫೋಟೋ ತೆಗೆಸಿಕೊಂಡರು. ಬೆಟಗೇರಿಯ ನೇಕಾರರು ಬಂದು ಕೊಟ್ಟರು. ಮಸೀದಿಯ ಜಮಾತಿನವರು ಶುಕ್ರವಾರದ ನಮಾಜು ಮುಗಿಸಿ ಹೊರಗೆ ಒಂದು ಟವೆಲ್ ಹಾಸಿದರು. ರೊಟ್ಟಿ ಮಾರುವ ಅಜ್ಜಿಯೊಬ್ಬಳು ನೂರರ ನೋಟು ಕೊಟ್ಟು ‘ಐವತ್ತು ಬರಕೋ, ಐವತ್ತು ತಿರಗಿ ಕೊಡು, ನಾಳಿಗೆ ಹಿಟ್ಟು ತರಬೇಕ’ ಅಂದಳು. ಚಿಲ್ಲರೆ ಇರಲಿಲ್ಲ. ಎದುರಿನ ಪಾನ್ ಅಂಗಡಿಯಲ್ಲಿ ಬಿಡಿಸಿ ಕೊಟ್ಟೆವು. ಬುಕ್ಕಿನಲ್ಲಿ ಈಗಲೂ ಇದೆ, ಹನ್ನೊಂದನೇ ಹಾಳೆ.

ಒಟ್ಟು ಬಂದಿದ್ದು 1,63,450 ರೂಪಾಯಿ. ಆಸ್ಪತ್ರೆಯವರು 22,000 ಬಿಟ್ಟರು. ಹೆಂಡತಿಯ ಸಂಘದಿಂದ 50,000 ಸಾಲ. ಬೋರಮಾಳ ಸರ ಅಡವಿಟ್ಟು 1,10,000. ಉಳಿದ 66,550 ದಲಾಲಿ ಅಂಗಡಿಯ ಮುಂಗಡ, ಮುಂದೆ ದುಡಿದು ತೀರಿಸಬೇಕಾದದ್ದು. ಹೊಟ್ಟೆ ಕೊಯ್ದವನು ಚೀಲ ಹೊತ್ತು ತೀರಿಸುವುದು ಹೇಗೆ ಅಂತ ಆ ದಿನ ಯಾರೂ ಕೇಳಲಿಲ್ಲ. ಬಿಲ್ಲು ಕಟ್ಟಿ ಮನೆಗೆ ಕರೆತಂದರೆ ಸಾಕಾಗಿತ್ತು.

ಪಟ್ಟಿ ಎತ್ತಿದ್ದಕ್ಕೆ ಊರಲ್ಲಿ ನಮ್ಮ ಓಣಿಗೆ ಹೆಸರು ಬಂತು. ನನಗೂ ಒಳಗೊಳಗೇ ಖುಷಿಯಾಗಿತ್ತು. ಆ ಖುಷಿ ಇಳಿದಿದ್ದು ಎರಡು ತಿಂಗಳ ಮೇಲೆ.

ನಮ್ಮ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಇದ್ದ ಒಬ್ಬ ಹೆಣ್ಣುಮಗಳು. ಗಂಡ ಇಲ್ಲ. ಬೇರೆ ಜಿಲ್ಲೆಯಿಂದ ಬಂದವಳು. ನಾಲ್ಕು ಮನೆಯ ಅಡುಗೆ ಮಾಡಿ ಮಗಳನ್ನು ಓದಿಸುತ್ತಿದ್ದಳು. ಎದೆಯಲ್ಲಿ ಗಡ್ಡೆ, ಪರೀಕ್ಷೆ ಮಾಡಿದರೆ ಕ್ಯಾನ್ಸರ್. ಮಗಳು ನನ್ನ ಅಂಗಡಿಗೆ ಬಂದಳು. ಅದೇ ಸೈಜು, ಅದೇ ಕಾಗದ, ಅದೇ ಅಕ್ಷರ, ಅದೇ ಮಷೀನಿನಲ್ಲಿ ಪೋಸ್ಟರ್ ಮಾಡಿಕೊಟ್ಟೆ. ಬಂದಿದ್ದು ಒಂಬತ್ತು ಸಾವಿರ.

ಜನ ಕೆಟ್ಟವರಾ? ಅಲ್ಲ. ಎರಡು ತಿಂಗಳ ಹಿಂದೆ ಕೊಟ್ಟವರೇ ಇವರು. ಅವಳಿಗೆ ಯಾರ್ಡ್ ಇರಲಿಲ್ಲ, ಜಮಾತು ಇರಲಿಲ್ಲ, ಮಠ ಇರಲಿಲ್ಲ, ಬುಕ್ಕು ಹಿಡಿದು ತಿರುಗುವ ನಾಲ್ಕು ಜನ ಹುಡುಗರು ಇರಲಿಲ್ಲ. ಹಮಾಲನಿಗೆ ಊರೆಲ್ಲ ಪರಿಚಯ. ಇವಳ ಪರಿಚಯ ನಾಲ್ಕು ಅಡುಗೆಮನೆಗೆ ಮಾತ್ರ. ಪಟ್ಟಿ ಮುಖ ನೋಡಿ ಬರುತ್ತದೆ. ರೋಗ ಎಷ್ಟು ದೊಡ್ಡದು, ಬಿಲ್ಲು ಎಷ್ಟು ದೊಡ್ಡದು ಅಂತ ಅದು ನೋಡುವುದಿಲ್ಲ. ಈ ಮಾತು ಹೇಳಲು ನನಗೂ ಕಷ್ಟ, ಯಾಕೆಂದರೆ ಪಟ್ಟಿಯ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು.

ಈ ಸಲ ಮಾತ್ರ ಒಂದು ಬುದ್ಧಿ ಬಂದಿತ್ತು. ಪೋಸ್ಟರ್ ಒಣಗುವಷ್ಟರಲ್ಲಿ ಮಗಳ ಕೈಯಿಂದ ರೇಷನ್ ಕಾರ್ಡ್ ತರಿಸಿದೆ. ಬಿಪಿಎಲ್ ಇತ್ತು. ಯೋಜನೆಯ ಸಹಾಯವಾಣಿ 14555ಕ್ಕೆ ಫೋನ್ ಹಚ್ಚಿದೆವು. ಯೋಜನೆಯಲ್ಲಿರುವ ಕಡೆಗೇ ಹೋಗಿ ಅಂತ ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡೆವು. ಅವಳ ಕೀಮೋ ಈಗ ಕಾರ್ಡಿನ ಮೇಲೆ ನಡೆದಿದೆ. ಒಂಬತ್ತು ಸಾವಿರ ಬಸ್ಸಿಗೆ, ಊಟಕ್ಕೆ, ಹೊರಗೆ ಬರೆದುಕೊಟ್ಟ ಗುಳಿಗೆಗೆ ಆಯಿತು. ಊರು ಕೊಟ್ಟ ದುಡ್ಡಿಗಿಂತ ನಾನು ಕೊಟ್ಟ ಅರ್ಧ ದಿನ ಅವಳಿಗೆ ಹೆಚ್ಚು ಉಪಯೋಗಕ್ಕೆ ಬಂತು.

ಈ ಪತ್ರ ಬರೆಯಲು ಕಾರಣ ಇದೇ. ನಮ್ಮ ಜನ ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲ. ಆದರೆ ನಾವು ಕೊಡಲು ಓಡುವುದು ಬಿಲ್ಲು ಬಂದ ಮೇಲೆ. ಓಡಬೇಕಾದದ್ದು ಮೊದಲನೇ ದಿನ, ಅದಕ್ಕಿಂತಲೂ ಹಿಂದಿನ ವರ್ಷ.

ಸೊಸೈಟಿಯವರೇ, ಮೊದಲು ನಿಮ್ಮ ಹತ್ತಿರ ಮಾತಾಡುತ್ತೇನೆ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಶುರು ಮಾಡಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ಭಾಷಣಗಳಲ್ಲಿ ನೀವು ಎಷ್ಟು ಸಲ ಹೇಳಿದ್ದೀರೋ, ಅಷ್ಟು ಸಲ ಆ ಆಹ್ವಾನಪತ್ರಿಕೆ ನಾನು ಅಚ್ಚು ಹಾಕಿದ್ದೇನೆ. ಬಡ್ಡಿ ಸಾಹುಕಾರನ ಬಾಗಿಲಿಗೆ ರೈತ ಹೋಗಬಾರದು ಅಂತ ಅಲ್ವಾ ಅದು ಹುಟ್ಟಿದ್ದು? ಇವತ್ತು ರೈತ ಸಾಹುಕಾರನ ಬಾಗಿಲಿಗೆ ಹೋಗುವುದು ಬೀಜ ಗೊಬ್ಬರಕ್ಕೆ ಮಾತ್ರವಲ್ಲ, ದವಾಖಾನೆಯ ಬಿಲ್ಲಿಗೂ ಹೋಗುತ್ತಾನೆ.

ಸಹಕಾರಿ ಸಂಘದ ಸದಸ್ಯರಿಗೆ ಅಂತಲೇ ಇರುವ ಆರೋಗ್ಯ ಯೋಜನೆ, ಯಶಸ್ವಿನಿ, ನಿಮ್ಮ ಕೈಯಲ್ಲೇ ಇದೆ. 2003ರಲ್ಲಿ ಅದು ಶುರುವಾದಾಗ ಒಬ್ಬ ಸದಸ್ಯನಿಗೆ ತಿಂಗಳಿಗೆ 5 ರೂಪಾಯಿ. 2018ರಲ್ಲಿ ನಿಂತಿತು, 2023ರ ಜನವರಿಯಿಂದ ಮತ್ತೆ ನಡೆಯಿತು. ಮತ್ತೆ ಶುರುವಾದಾಗ ಇಟ್ಟ ಶುಲ್ಕ ಹಳ್ಳಿಯ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000. ಪರಿಶಿಷ್ಟ ಜಾತಿ, ಪಂಗಡದವರ ಪಾಲು ಸರ್ಕಾರವೇ ಕಟ್ಟುತ್ತದೆ. ಕುಟುಂಬಕ್ಕೆ ವರ್ಷದಲ್ಲಿ 5 ಲಕ್ಷದವರೆಗೆ. ಎಲ್ಲ ರೋಗಕ್ಕೂ ಇಲ್ಲ, ಯೋಜನೆಯ ಯಾದಿಯಲ್ಲಿರುವ ಚಿಕಿತ್ಸೆಗೆ, ಯಾದಿಯಲ್ಲಿರುವ ಆಸ್ಪತ್ರೆಯಲ್ಲಿ. ಆದರೂ 500 ರೂಪಾಯಿಗೆ ಇವತ್ತು ಏನು ಬರುತ್ತದೆ ಹೇಳಿ. ಜಾತ್ರೆಯಲ್ಲಿ ಮಕ್ಕಳನ್ನು ತೊಟ್ಟಿಲು ಆಡಿಸಿ, ಮಿರ್ಚಿ ಮಂಡಕ್ಕಿ ತಿನ್ನಿಸಿದರೆ ಮುಗಿಯಿತು.

ಯಶಸ್ವಿನಿ ಹೆಚ್ಚು ಬೇಕಾಗಿರುವುದು ನಡುವಿನವರಿಗೆ. ಕಾರ್ಡು ಎಪಿಎಲ್, ಜೇಬು ಬಿಪಿಎಲ್, ಅಂಥವರಿಗೆ. ಬಿಪಿಎಲ್ ಕಾರ್ಡ್ ಇಲ್ಲದವರಿಗೆ ಆರೋಗ್ಯ ಕರ್ನಾಟಕದಲ್ಲಿ ಸಿಗುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯವರು ಗೊತ್ತು ಮಾಡಿದ ದರದ, ಶೇ 30, ಅದೂ ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದವರೆಗೆ. ಉಳಿದ ಶೇ 70 ಕೈಯಿಂದ. ಮೂರೆಕರೆ ಒಣಭೂಮಿ ಇದ್ದವನು, ಸಣ್ಣ ಕಿರಾಣಿ ಅಂಗಡಿಯವನು, ನನ್ನಂಥ ಪ್ರೆಸ್ಸಿನವನು, ನಾವೆಲ್ಲ ಈ ಶೇ 70ರಲ್ಲಿ ಮುಳುಗುವವರು.

ನೋಂದಣಿ ಶುರುವಾದಾಗ ನೀವೇನು ಮಾಡುತ್ತೀರಿ? ಸೊಸೈಟಿಯ ಬಾಗಿಲಿಗೆ ಒಂದು ಚೀಟಿ ಅಂಟಿಸುತ್ತೀರಿ. ಬಂದವರು ಬರುತ್ತಾರೆ, ತಾರೀಖು ಮುಗಿಯುತ್ತದೆ. ಜಾತ್ರೆಯ ಪಟ್ಟಿಯನ್ನು ಹೀಗೆ ಚೀಟಿ ಅಂಟಿಸಿ ಎತ್ತಿದ್ದೀರಾ ಯಾವತ್ತಾದರೂ? ಮನೆ ಮನೆಗೆ ಹೋಗುತ್ತೀರಿ. ಇಲ್ಲ ಅಂದವರ ಮನೆಗೆ ಮತ್ತೆ ಸಂಜೆ ಹೋಗುತ್ತೀರಿ. ‘ನಮ್ಮ ಓಣಿದು ಕಡಿಮಿ ಆಗಬಾರದು’ ಅಂತ ಹಟ ಹಿಡಿಯುತ್ತೀರಿ. ಆ ಹಟ, ಆ ಹುಡುಗರು, ಆ ಬುಕ್ಕು, ಅಷ್ಟನ್ನೇ ಯಶಸ್ವಿನಿಗೆ ಹಾಕಿ. 500 ಕಟ್ಟಲು ಆಗದವರು ಪ್ರತಿ ಓಣಿಯಲ್ಲಿ ನಾಲ್ಕೈದು ಮನೆ ಇರುತ್ತಾರೆ. ಅವರದ್ದನ್ನು ಜಾತ್ರೆಯಲ್ಲಿ ಉಳಿದ ದುಡ್ಡಿನಿಂದ ಕಟ್ಟಿ. ದೇವರು ಬೇಡ ಅನ್ನುವುದಿಲ್ಲ. ಹಾಗೇ ಪ್ರತಿ ಮನೆಯಲ್ಲೂ ರೇಷನ್ ಕಾರ್ಡ್ ತೆಗೆಸಿ ಯಾರ್‍ಯಾರ ಹೆಸರಿದೆ, ಆಧಾರ್‌ನಲ್ಲಿ ಹೆಸರು ಹೊಂದುತ್ತದೆಯೇ ಅಂತ ಒಮ್ಮೆ ನೋಡಿ. ಬಸವರಾಜ ಒಂದರಲ್ಲಿ, ಬಸಪ್ಪ ಇನ್ನೊಂದರಲ್ಲಿ ಇದ್ದರೆ ಅದನ್ನು ಸರಿ ಮಾಡಿಸಬೇಕಾದದ್ದು ಆರಾಮಾಗಿ ಇದ್ದಾಗ, ಸ್ಟ್ರೆಚರ್ ಮೇಲೆ ಮಲಗಿದಾಗ ಅಲ್ಲ. ಯಾರ್ಡಿನ ಹಮಾಲರ ಹೆಸರನ್ನು ಅಸಂಘಟಿತ ಕಾರ್ಮಿಕರ ಮಂಡಳಿಯಲ್ಲಿ ಬರೆಸಬಹುದು, ಕಟ್ಟಡ ಕೆಲಸದವರಿಗೆ ಅವರದೇ ಬೇರೆ ಮಂಡಳಿ ಇದೆ, ವೈದ್ಯಕೀಯ ನೆರವೂ ಇದೆ. ನಮ್ಮ ಹಮಾಲ ಇಪ್ಪತ್ತು ವರ್ಷ ದುಡಿದರೂ ಎಲ್ಲಿಯೂ ಹೆಸರು ಬರೆಸಿರಲಿಲ್ಲ. ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಮಾನ್ಯ ಜಿಲ್ಲಾಧಿಕಾರಿಗಳೇ, ಈಗ ನಿಮ್ಮಲ್ಲಿ.

ಗದಗದ ರೋಗಿ ಗದಗದಲ್ಲೇ ನಿಲ್ಲುವುದಿಲ್ಲ. ರಾತ್ರಿ ಹೊತ್ತು ಎದೆ ಹಿಡಿದರೆ, ತಲೆಗೆ ಪೆಟ್ಟು ಬಿದ್ದರೆ ಕಾರು ಹುಬ್ಬಳ್ಳಿ ಕಡೆಗೆ ತಿರುಗುತ್ತದೆ. ಹಾವೇರಿಯದೂ ಅದೇ ಕಥೆ. ಆದ್ದರಿಂದ ಇಬ್ಬರೂ ಸೇರಿ ಒಂದು ಕೆಲಸ ಮಾಡಬೇಕು. ಯಾವ ಊರಲ್ಲಿ, ಯಾವ ಆಸ್ಪತ್ರೆ, ಯಾವ ರೋಗಕ್ಕೆ ಯೋಜನೆಯಲ್ಲಿದೆ ಅನ್ನುವುದು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬೇಕು. ವೆಬ್‌ಸೈಟಿನಲ್ಲಿದೆ ಅನ್ನಬೇಡಿ. ರಾತ್ರಿ ಹನ್ನೆರಡಕ್ಕೆ ಗಂಡನ ತಲೆ ತೊಡೆಯ ಮೇಲೆ ಇಟ್ಟುಕೊಂಡವಳು ವೆಬ್‌ಸೈಟ್ ತೆರೆಯುವುದಿಲ್ಲ. ಅದು ಪಂಚಾಯ್ತಿ ಗೋಡೆಯ ಮೇಲಿರಬೇಕು, ಸೊಸೈಟಿಯ ಬಾಗಿಲ ಮೇಲಿರಬೇಕು, ಬಾಡಿಗೆ ಕಾರು ಓಡಿಸುವ ಡ್ರೈವರುಗಳ ಡ್ಯಾಶ್‌ಬೋರ್ಡಿನ ಮೇಲಿರಬೇಕು. ಎಲ್ಲಿಗೆ ಒಯ್ಯಬೇಕು ಅಂತ ನಿರ್ಧಾರ ಮಾಡುವುದು ಹೆಚ್ಚಾಗಿ ಅವರೇ. ಇಲ್ಲಾ ನನ್ನಂಥ ಅರ್ಧ ತಿಳಿದವರು.

ಇನ್ನೊಂದು. ಹುಬ್ಬಳ್ಳಿಯ ಹೊಸೂರು ಬಸ್ ನಿಲ್ದಾಣವೋ, ಕಿಮ್ಸ್ ಅಂತ ಜನ ಕರೆಯುವ ಸರ್ಕಾರಿ ಆಸ್ಪತ್ರೆಯ ಗೇಟಿನ ಹತ್ತಿರವೋ, ಎಲ್ಲಾದರೂ ಹಗಲು ರಾತ್ರಿ ಒಬ್ಬ ಮನುಷ್ಯ ಕೂರುವ ಒಂದು ಟೇಬಲ್ ಬೇಕು. ಆರೋಗ್ಯ ಮಿತ್ರರು ಯೋಜನೆಯ ಆಸ್ಪತ್ರೆಯ ಒಳಗೆ ಇರುತ್ತಾರೆ. ತಪ್ಪು ಬಾಗಿಲಿಗೆ ಹೋದವನಿಗೆ ಅವರು ಸಿಗುವುದಿಲ್ಲ. ತಪ್ಪು ಬಾಗಿಲಿಗೆ ಹೋಗುವ ಮೊದಲೇ ಹೇಳುವವರು ಬೇಕು. ನಿವೃತ್ತ ನರ್ಸುಗಳು, ಮೇಷ್ಟ್ರುಗಳು ಈ ಕೆಲಸಕ್ಕೆ ಬರುತ್ತಾರೆ, ಕೇಳಿ ನೋಡಿ. ನಮ್ಮ ಓಣಿಯಿಂದಲೇ ಮೂವರು ಹೂಂ ಅಂದಿದ್ದಾರೆ. ಒಂದು ಕುರ್ಚಿ, ಒಂದು ಫೋನು, ಗುರುತಿನ ಚೀಟಿ ನೀವು ಕೊಟ್ಟರೆ ಸಾಕು.

ಖಾಸಗಿ ಆಸ್ಪತ್ರೆಯ ದರಪಟ್ಟಿ ಎಲ್ಲರಿಗೂ ಕಾಣುವಂತೆ ಇರಬೇಕು ಅಂತ ಕಾಯ್ದೆಯೇ ಇದೆ, 2007ರದು. 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳನ್ನೂ ಬರೆದಿದ್ದಾರೆ. ದೂರು ಕೇಳುವ ಜಿಲ್ಲಾ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ದರಪಟ್ಟಿ ಎಲ್ಲಿ ತೂಗುಹಾಕಿದೆ ಅಂತ ಒಂದು ದಿನ ಸುಮ್ನೆ ರೋಗಿಯ ಕಡೆಯವರ ಹಾಗೆ ಹೋಗಿ ಹುಡುಕಿ ನೋಡಿ. ಡಾಕ್ಟರುಗಳ ಮೇಲೆ ಜಗಳಕ್ಕೆ ಹೋಗಿ ಅನ್ನುತ್ತಿಲ್ಲ. ನಾಳೆ ಎಷ್ಟಾಗುತ್ತದೆ ಅಂತ ಇವತ್ತು ಗೊತ್ತಾದರೆ ಮನೆಯವರು ಏನಾದರೂ ದಾರಿ ನೋಡಬಹುದು. ನಮಗೆ ನಾಲ್ಕು ಲಕ್ಷ ಅಂತ ಗೊತ್ತಾಗಿದ್ದು ಹತ್ತನೇ ದಿನ.

ಇನ್ನು ಪಟ್ಟಿ ಎತ್ತಲೇಬೇಕಾದವರಿಗೆ ಎರಡು ಮಾತು. ಎತ್ತಬೇಡಿ ಅನ್ನುವುದಿಲ್ಲ, ಕಾರ್ಡು ಮುಟ್ಟದ ಖರ್ಚು ಎಷ್ಟೋ ಇರುತ್ತದೆ. ಮನೆಗೆ ಬಂದ ಮೇಲಿನ ಮೂರು ತಿಂಗಳು ಒಲೆ ಹೊತ್ತಬೇಕಲ್ಲ. ಆದರೆ ದುಡ್ಡು ಆಸ್ಪತ್ರೆಯ ಖಾತೆಗೇ ಹೋಗುವಂತೆ ಮಾಡಿ, ಒಳರೋಗಿ ನಂಬರ್ ಹಾಕಿಸಿ, ರಸೀದಿಯ ಫೋಟೋ ಎಲ್ಲರಿಗೂ ಕಳಿಸಿ. ಮುಗಿದ ಮೇಲೆ ‘ಮುಗಿಯಿತು, ಇನ್ನು ಕಳಿಸಬೇಡಿ’ ಅಂತ ಹೇಳಿ. ಎರಡು ವರ್ಷದ ಹಿಂದಿನ ಪೋಸ್ಟರ್ ಇನ್ನೂ ವಾಟ್ಸಾಪಿನಲ್ಲಿ ತಿರುಗುತ್ತಿದೆ, ಸ್ಕ್ಯಾನ್ ಮಾಡುವ ಚೌಕ ಮಾತ್ರ ಬೇರೆ ಯಾರದೋ. ಅಚ್ಚು ಹಾಕಿದವನಿಗೆ ತನ್ನ ಅಚ್ಚು ಗುರುತು ಸಿಗುತ್ತದೆ. ಇಂಥದ್ದು ನೋಡಿಯೇ ಜನ ನಿಜವಾದವರಿಗೂ ಕೊಡಲು ಹಿಂದೆಮುಂದೆ ನೋಡುವುದು.

ಮತ್ತೆ ಆ ಫೋಟೋ ವಿಷಯ. ಹಮಾಲನ ಪೋಸ್ಟರಿಗೆ ನಾನು ಆರಿಸಿದ್ದು ಐಸಿಯು ಫೋಟೋ. ಬಾಯಿ ತೆರೆದಿತ್ತು, ಎದೆ ಮೇಲೆ ವೈರು. ಅವನ ಹೆಂಡತಿ ಕಂಪ್ಯೂಟರ್ ಪರದೆ ನೋಡಿ, ‘ಅಣ್ಣಾರ, ಬ್ಯಾರೆ ಫೋಟೋ ಹಾಕ್ರಿ. ನಮ್ಮ ಲಗ್ನದ್ದು ಐತಿ, ಪಟಗಾ ಸುತ್ತಿದ್ದು’ ಅಂದಳು. ಅದನ್ನು ಹಾಕಿದರೆ ದುಡ್ಡು ಬರುವುದಿಲ್ಲ ತಂಗಿ ಅಂದೆ. ಸುಮ್ಮನಾದಳು. ದುಡ್ಡು ಬಂತು ನಿಜ. ಈಗ ಅವನು ಯಾರ್ಡಿನಲ್ಲಿ ಚೀಲದ ಬಾಯಿ ಹೊಲಿಯುತ್ತಾನೆ, ಭಾರ ಎತ್ತುವಂತಿಲ್ಲ. ಚಹಾದ ಅಂಗಡಿಯ ಗೋಡೆಯ ಮೇಲೆ ಆ ಪೋಸ್ಟರ್ ಅರ್ಧ ಹರಿದು ಇನ್ನೂ ಅಂಟಿಕೊಂಡಿತ್ತು. ಅವನು ಚಹಾಕ್ಕೆ ಆ ಅಂಗಡಿ ಬಿಟ್ಟು ದೂರದ ಇನ್ನೊಂದು ಅಂಗಡಿಗೆ ಹೋಗುತ್ತಾನೆ ಅಂತ ತಿಳಿದ ದಿನ ಬಕೆಟ್ ನೀರು ತಗೊಂಡು ಹೋಗಿ ನಾನೇ ಕೆರೆದು ತೆಗೆದೆ. ಒಳ್ಳೆಯ ಅಂಟು ಹಾಕಿದ್ದೆ, ಬೇಗ ಬರಲಿಲ್ಲ.

ಜಿಲ್ಲಾಧಿಕಾರಿಗಳೇ, ಆಸ್ಪತ್ರೆಗಳ ಯಾದಿ ನಿಮ್ಮ ಕಚೇರಿಯಿಂದ ಕಳಿಸಿಕೊಡಿ. ಕನ್ನಡ ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ. ದೊಡ್ಡ ಹಾಳೆ, ಮಳೆಗೆ ತೊಯ್ದರೂ ಬಣ್ಣ ಬಿಡದ ಕಾಗದ, ಎರಡು ಬಣ್ಣದ ಅಚ್ಚು. ಅಚ್ಚಿನ ಕೂಲಿ ಬೇಡ, ಕಾಗದದ ಖರ್ಚು ಯಾರಾದರೂ ನೋಡಿಕೊಂಡರೆ ಸಾಕು. ನಾಲ್ಕು ದಿನದಲ್ಲಿ ಮುಗಿಸಿ ಕೊಡುತ್ತೇನೆ. ಜಾತ್ರೆ, ಲಗ್ನದ ಸೀಸನ್ ಹತ್ತಿದರೆ ಮಷೀನಿಗೆ ಬಿಡುವಿರುವುದಿಲ್ಲ. ಅದಕ್ಕೆ ಮುಂಚೆ ಕಳಿಸಿದರೆ ಉಪಕಾರ.

ನಿಮ್ಮವ,
ಗದಗದ ಒಬ್ಬ ಪ್ರೆಸ್ಸಿನವ